ಸಡಿಲ ಬೆಲ್ಟಿನ ಸಿಂಫನಿ

"ಮುಟ್ಟಬೇಡ್ವೋ ಅದನ್ನ!" ಎಂದು ಮಲ್ಲಿಕಾರ್ಜುನ್ ಕೂಗುವಷ್ಟರಲ್ಲಿ ಕೃಷ್ಣ ಕ್ಯಾಸೆಟ್ಟನ್ನು ಡೆಕ್ಕಿನ ಬಾಯಿಗೆ ತುರುಕಿ, ಮುಚ್ಚಳ ಒತ್ತಿ, ಮಗುವಿನ ಬೆನ್ನು ತಟ್ಟಿದಂತೆ ಅದರ ಮೇಲೊಮ್ಮೆ ತಟ್ಟಿಯೂ ಆಗಿತ್ತು.

"ಮುಟ್ದೆ ಎಂಗ್ಲಾ ಆಕದು? ಮಂತ್ರ ಏಳಿ ಒಳಿಕ್ಕೆ ಕಳಿಸ್ಲಾ?"

"ಆರು ವರ್ಷದಿಂದ ಅದನ್ನ ನಾನೊಬ್ಬನೇ ಹಾಕಿರೋದು. ಇನ್ನೊಬ್ಬರ ಕೈ ಬಿದ್ದಿಲ್ಲ."

"ಅದಕ್ಕೇ ನೀನು ಹೀಗಾಗಿರೋದು" ಎಂದಳು ಚೈತ್ರ, ಕೀಬೋರ್ಡಿನ ವೈರಿನ ಸಿಕ್ಕು ಬಿಡಿಸುತ್ತ.

ಮೂವರೂ ಇದ್ದದ್ದು ಟಿ. ನರಸೀಪುರದ ಅಂಚಿನಲ್ಲಿ, ಕೃಷ್ಣನ ಮನೆಯ ಹಿಂದಿನ ರೇಷ್ಮೆ ಹುಳದ ಮನೆಯಲ್ಲಿ. ಹುಳದ ಬೆಳೆ ಇಲ್ಲದ ವಾರಗಳಲ್ಲಿ ಅದು ಅವರ ಬ್ಯಾಂಡಿನದು. ಗೂಡು ಕಟ್ಟಲು ಹುಳುಗಳನ್ನು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರಿಂದ ಸದ್ದು ಹೊರಗೆ ಹೋಗುವುದಿಲ್ಲ ಎಂಬುದು ಕೃಷ್ಣನ ಸಿದ್ಧಾಂತ. ಹೋಗುತ್ತಿತ್ತು. ಊರಿನವರು ಹೇಳಿರಲಿಲ್ಲ, ಅಷ್ಟೇ. ಕೃಷ್ಣ ರೇಷ್ಮೆ ಇಲಾಖೆಯ ಗುಮಾಸ್ತ. ಸಂಬಳ ಬರಲು ಶುರುವಾದ ಮೇಲೆ ಮೊದಲು ಕೊಂಡದ್ದು ಒಂದು ಡ್ರಮ್ ಸೆಟ್ಟು, ಆಮೇಲೆ ಈ ಹೊಸ ಡೆಕ್ಕು. ಚೈತ್ರ ನರಸೀಪುರದ ಶಾಲೆಯೊಂದರಲ್ಲಿ ಲೆಕ್ಕದ ಟೀಚರು. ಮಲ್ಲಿಕಾರ್ಜುನ್ ನಂಜನಗೂಡಿನ ಬಾಳೆಹಣ್ಣಿನ ಮಂಡಿ ದೊಡ್ಡಸಿದ್ದಯ್ಯನವರ ಮಗ. ಮೂವರೂ ಕಾಲೇಜಿನಲ್ಲಿ ಒಂದೇ ಕ್ಲಾಸು. ಇಬ್ಬರಿಗೆ ಕೆಲಸ ಸಿಕ್ಕಿತ್ತು, ಮೂರನೆಯವನಿಗೆ ಜೀವನದೃಷ್ಟಿ ಸಿಕ್ಕಿತ್ತು.

ಜೀವನದೃಷ್ಟಿ ಬಂದದ್ದು ಅನುವಾದಗಳಿಂದ. ರಷ್ಯಾದಿಂದ, ಫ್ರಾನ್ಸಿನಿಂದ, ಕೊಲಂಬಿಯಾದಿಂದ ಕನ್ನಡಕ್ಕೆ ಬಂದ ಕಾದಂಬರಿಗಳನ್ನೆಲ್ಲ ಅವನು ಬಾಳೆಗೊನೆಗಳ ನಡುವೆ ಕೂತು ಓದಿದ್ದ. ಓದಿ ಓದಿ ತಾನೂ ಅನುವಾದವಾಗಿದ್ದೇನೆ ಎಂಬ ನಂಬಿಕೆ ಅವನಲ್ಲಿ ಬೆಳೆದಿತ್ತು. ಬೆಳಿಗ್ಗೆ ಏಳುವಾಗ 'ಆತ ಎದ್ದ' ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದ. ಅಪ್ಪ ಬೈದರೆ 'ಆತ ಭುಜ ಕುಣಿಸಿದ' ಎಂದುಕೊಂಡು ನಿಜವಾಗಿಯೂ ಭುಜ ಕುಣಿಸುತ್ತಿದ್ದ; ದೊಡ್ಡಸಿದ್ದಯ್ಯನವರು ಮಗನಿಗೆ ಬೆನ್ನುನೋವು ಎಂದು ತಿಳಿದು ಎಣ್ಣೆ ಹಚ್ಚಿಸಿದ್ದೂ ಉಂಟು. ನಂಜನಗೂಡಿನ ಏಪ್ರಿಲ್ ಸೆಕೆಯಲ್ಲಿ ಓವರ್‌ಕೋಟು ತೊಡಬೇಕೆಂದು ಆಸೆಪಟ್ಟ ಏಕೈಕ ಮನುಷ್ಯ ಬಹುಶಃ ಅವನೇ.

ಆ ಕ್ಯಾಸೆಟ್ಟಿನ ಕತೆ ಹೀಗೆ. ಇಂಗ್ಲೆಂಡಿನ ಐವರು ಉದ್ದಗೂದಲಿನವರು ಎಪ್ಪತ್ತರ ದಶಕದಲ್ಲೆಂದೋ ಯುರೋಪಿನ ಹಳೆಯ ಸಿಂಫನಿಯೊಂದನ್ನು ಬಿಚ್ಚಿ ಹಾಕಿ, ಎಲೆಕ್ಟ್ರಿಕ್ ಆರ್ಗನ್ನು, ಗಿಟಾರುಗಳಿಂದ ಮತ್ತೆ ಹೊಲಿದು ಒಂದು ಆಲ್ಬಮ್ ಮಾಡಿದ್ದರು. ಪ್ರೋಗ್ರೆಸಿವ್ ರಾಕ್ ಎಂದು ಅದಕ್ಕೆ ಹೆಸರು. ಪಿಯುಸಿ ಓದುವಾಗ ಮೈಸೂರಿನ ಗೆಳೆಯನೊಬ್ಬನ ಅಣ್ಣನ ಹತ್ತಿರವಿದ್ದ ಆ ಎಲ್‌ಪಿಯನ್ನು ಮಲ್ಲಿಕಾರ್ಜುನ್ ಒಂದು ರೆಕಾರ್ಡಿಂಗ್ ಅಂಗಡಿಗೆ ಒಯ್ದು, ಮನೆಯಲ್ಲಿ ಬಿದ್ದಿದ್ದ ಹಳೆಯ ಕ್ಯಾಸೆಟ್ಟು ಕೊಟ್ಟು ಅದರ ಮೇಲೇ ತುಂಬಿಸಿಕೊಂಡಿದ್ದ. ಅಂದಿನಿಂದ ಮಂಡಿಯ ಟೇಪ್‌ರೆಕಾರ್ಡರಿನಲ್ಲಿ ಅದೊಂದೇ. ಆ ಸಂಗೀತದ ಭಾರ, ಅದರ ಆಳವಾದ ವಿಷಾದ, ಕೆಸರಿನಲ್ಲಿ ಆನೆ ನಡೆದಂಥ ಗತಿ, ಇವೆಲ್ಲ ಸೇರಿ ಅವನನ್ನು ಇಪ್ಪತ್ತಕ್ಕೇ ಮುದುಕನನ್ನಾಗಿ ಮಾಡಿದ್ದವು.

ಎಲ್ಲಕ್ಕಿಂತ ಹೆಚ್ಚಾಗಿ ಅದರ ಕೊನೆ. ಸಿಂಫನಿ ಮುಗಿದು, ಒಂದು ಗಳಿಗೆ ಮೌನವಾಗಿ, ಇದ್ದಕ್ಕಿದ್ದಂತೆ ಯಾವುದೋ ಕತ್ತಲ ವಾದ್ಯವೊಂದು ಗೋಳಿಡಲು ಶುರುವಾಗುತ್ತಿತ್ತು. ಹಿಂದಿನ ಯಾವ ಸ್ವರಕ್ಕೂ ಸಂಬಂಧವಿಲ್ಲದ ಗೋಳು. ಅದು ಏರುತ್ತ ಏರುತ್ತ ತಾಳ, ನಾದ, ಬುದ್ಧಿ ಎಲ್ಲವೂ ಒಟ್ಟಿಗೇ ಸಿಡಿದಂತಾಗಿ, ನಿಂತು, ಕಟ್ಟಕಡೆಯಲ್ಲಿ ಭಾರವಾದ ಗಂಡು ದನಿಯೊಂದು ತಿಳಿಯದ ಭಾಷೆಯಲ್ಲಿ ಏನನ್ನೋ ಹೇಳಿ ಮುಗಿಸುತ್ತಿತ್ತು. ಇದರ ಬಗ್ಗೆ ಮಲ್ಲಿಕಾರ್ಜುನ್ ಮೈಸೂರಿನ ಸಣ್ಣ ಪತ್ರಿಕೆಯೊಂದಕ್ಕೆ 'ಅಸಂಗತದ ಗರ್ಭದಲ್ಲೊಂದು ಪ್ರಾರ್ಥನೆ' ಎಂಬ ಲೇಖನ ಬರೆದಿದ್ದ. 'ಇಲ್ಲಿ ಸಂಗೀತ ತನ್ನ ಸಾವನ್ನು ತಾನೇ ಹಾಡಿಕೊಳ್ಳುತ್ತದೆ. ಬಳಿಕ ಪಾದ್ರಿಯೊಬ್ಬನ ಲ್ಯಾಟಿನ್ ಪ್ರಾರ್ಥನೆ. ಅರ್ಥವಾಗದಿರುವುದೇ ಅದರ ಅರ್ಥ' ಎಂಬ ಸಾಲುಗಳು ಅದರಲ್ಲಿದ್ದವು. ಸಂಪಾದಕರು ಒಂದಕ್ಷರವನ್ನೂ ತಿದ್ದಿರಲಿಲ್ಲ. ಅವರಿಗೂ ಅರ್ಥವಾಗಿರಲಿಲ್ಲ.

ದೊಡ್ಡಸಿದ್ದಯ್ಯನವರು ಮಾತ್ರ ಆ ಭಾಗ ಬಂದಾಗಲೆಲ್ಲ ಗೊನೆ ತೂಗುವುದನ್ನು ನಿಲ್ಲಿಸಿ, "ಆ ಕ್ಯಾಸೆಟ್ನಲ್ಲಿ ಯಾರೋ ನಮ್ಮೋರೇ ಮಾತಾಡ್ದಂಗದೆ ಕಣೋ" ಎನ್ನುತ್ತಿದ್ದರು. ಮಧ್ಯಮವರ್ಗದ ಕಿವಿಯ ಮಿತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ ಎಂದು ಆತ ಭುಜ ಕುಣಿಸುತ್ತಿದ್ದ.

ಈಗ ಇವರೂ ಒಂದು ಆಲ್ಬಮ್ ಮಾಡಬೇಕಿತ್ತು. ಆ ಇಂಗ್ಲಿಷರು ಯುರೋಪಿನ ಶಾಸ್ತ್ರೀಯ ಸಂಗೀತವನ್ನು ಮುರಿದು ಕಟ್ಟಿದಂತೆ ಇವರು ಕರ್ನಾಟಕ ಸಂಗೀತವನ್ನು ಮುರಿದು ಕಟ್ಟುವುದು. ಹೆಸರು: 'ಅನುಪಸ್ಥಿತಿಯ ಸಿಂಫನಿ'. ಒಂದು ತೊಡಕೆಂದರೆ ಮೂವರಲ್ಲಿ ಸಂಗೀತ ಕಲಿತವಳು ಚೈತ್ರ ಒಬ್ಬಳೇ, ಅವಳೂ ಊರಿನ ಸಂಗೀತದ ಟೀಚರು ಸುಬ್ಬಲಕ್ಷ್ಮಮ್ಮನವರ ಹತ್ತಿರ ಜೂನಿಯರ್ ಪರೀಕ್ಷೆಯವರೆಗೆ ಮಾತ್ರ. ಹಾಗಾಗಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಎರಡು ಗೀತೆ, ಕಲ್ಯಾಣಿಯಲ್ಲೊಂದು ವರ್ಣ, ಇಷ್ಟನ್ನೇ ಮುರಿದು ಕಟ್ಟಲಾಗಿತ್ತು. ಜೂನಿಯರ್ ಪಠ್ಯದ ವಿರುದ್ಧ ಜಗತ್ತಿನ ಮೊಟ್ಟಮೊದಲ ಬಂಡಾಯ. ಮೈಸೂರಿನಲ್ಲೊಂದು ಸ್ಟುಡಿಯೋ ಗೊತ್ತುಮಾಡಿಯಾಗಿತ್ತು. ಉಳಿದದ್ದು ಕೊನೆ. ಆ ಇಂಗ್ಲಿಷರ ಸ್ಫೋಟದಂಥ ಒಂದು ಕೊನೆ ಸಿಕ್ಕದಿದ್ದರೆ ಇಡೀ ಆಲ್ಬಮ್ಮು ಪರೀಕ್ಷೆಗೆ ಓದಿಕೊಂಡಂತೆ ಕೇಳಿಸುತ್ತದೆ ಎಂಬುದು ಮಲ್ಲಿಕಾರ್ಜುನನಿಗೆ ಗೊತ್ತಿತ್ತು. ಆ ಭಯಕ್ಕೇ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಚೈತ್ರ ಅದರ ಸ್ವರ ಹಿಡಿಯಲಿ ಎಂದೇ ಇವತ್ತು, ಮೊದಲ ಸಲ, ಕ್ಯಾಸೆಟ್ಟು ಮಂಡಿ ಬಿಟ್ಟು ಹೊರಗೆ ಬಂದಿತ್ತು.

ಡೆಕ್ಕು ತಿರುಗಿತು. ಕುಣಿಕುಣಿದು ಬಂತು ಆರ್ಗನ್ನು. ಶಾಲೆ ಬಿಟ್ಟ ಮಕ್ಕಳಂತೆ ಗಿಟಾರುಗಳು ಅದರ ಹಿಂದೆ ಓಡಿದವು.

"ಇದಲ್ಲ" ಎಂದ ಮಲ್ಲಿಕಾರ್ಜುನ್. "ಬೇರೆ ಯಾವುದೋ ಹಾಕಿದ್ದೀಯ."

"ನಿನ್ ಕೈಯಿಂದ್ಲೇ ಕಿತ್ಕಂಡಿದ್ದು ಕಣ್ಲಾ."

"ಇಷ್ಟು ಫಾಸ್ಟಾಗಿಲ್ಲ ಅದು. ಇಷ್ಟು... ಖುಷಿಯಾಗಿಲ್ಲ."

ಚೈತ್ರ ತಲೆ ಓರೆ ಮಾಡಿ ಕೇಳಿದಳು. "ನಿಮ್ಮ ಮಂಡಿ ಟೇಪ್‌ರೆಕಾರ್ಡರಿನ ಬೆಲ್ಟು ಬದಲಾಯಿಸಿ ಎಷ್ಟು ವರ್ಷವಾಯ್ತೋ?"

ತಾನು ಇಷ್ಟು ವರ್ಷ ಹೊತ್ತ ವಿಷಾದಕ್ಕೆ ಟೇಪನ್ನು ನಿಧಾನಕ್ಕೆ ತಿರುಗಿಸಿದ ಒಂದು ಸಡಿಲ ರಬ್ಬರ್ ಬೆಲ್ಟು ಕಾರಣವಿರಬಹುದು ಎಂಬುದನ್ನು ನುಂಗಿಕೊಳ್ಳಲು ಮಲ್ಲಿಕಾರ್ಜುನನಿಗೆ ಸ್ವಲ್ಪ ಹೊತ್ತು ಬೇಕಿತ್ತು. "ಕೊನೆಗೆ ಓಡಿಸು" ಎಂದ. "ಕೊನೆ ಕೇಳಿ. ಆಮೇಲೆ ಮಾತಾಡಿ."

ಕೃಷ್ಣ ಓಡಿಸಿದ. ಸಿಂಫನಿ ಮುಗಿಯಿತು. ಮೌನ. ಆಮೇಲೆ, ಬೆಳಗಿನ ಬಿಸಿಲಿನಷ್ಟು ಸ್ಪಷ್ಟವಾಗಿ, ನಾದಸ್ವರ.

ಇದೇ ಹೊತ್ತಿಗೆ ಕೃಷ್ಣನ ತಾಯಿ ಮಂಗಳಮ್ಮ ಮೊರದಲ್ಲಿ ಅಕ್ಕಿ ಹಿಡಿದು, ಕಲ್ಲು ಆರಿಸುತ್ತ, ಇವರಿಗೆ ಕಾಫಿ ಬೇಕೋ ಎಂದು ಕೇಳಲು ಬಾಗಿಲಿಗೆ ಬಂದಿದ್ದರು. ನಾದಸ್ವರ ಏರಿತು, ಡೋಲು ಏರಿತು, ಎರಡೂ ಒಂದರ ಮೇಲೊಂದು ಬಿದ್ದು ಬಡಿದುಕೊಳ್ಳತೊಡಗಿದವು. ಮಂಗಳಮ್ಮನ ಕೈ ತಾನೇ ತಾನಾಗಿ ಮೊರದಿಂದ ಒಂದು ಚಿಟಿಕೆ ಅಕ್ಕಿ ಎತ್ತಿ ಎದುರಿಗಿದ್ದವರ ತಲೆಯ ಮೇಲೆ ಎಸೆದೇಬಿಟ್ಟಿತು. ಎದುರಿಗಿದ್ದವರು ಮಲ್ಲಿಕಾರ್ಜುನ್ ಮತ್ತು ಚೈತ್ರ.

"ಅಯ್ಯೋ ನನ್ ಕೈ ಸೇದೋಗ!" ಎಂದರು ಮಂಗಳಮ್ಮ. "ಗಟ್ಟಿಮೇಳ ಕೇಳ್ತಲ್ಲ, ಎಸ್ದುಬುಟ್ಟೆ. ಯಾರ್ ಮದ್ವೆದ್ಲಾ ಅದು?"

ಉತ್ತರ ಟೇಪಿನಿಂದಲೇ ಬಂತು. ವಾಲಗ ನಿಂತು, ಆ ಲ್ಯಾಟಿನ್ ಪಾದ್ರಿ ಸರಿಯಾದ ವೇಗದಲ್ಲಿ ಬಾಯಿಬಿಟ್ಟ: "ಚಾಮಯ್ಯಾ, ಸಾಕು ನಿಲ್ಸಪ್ಪಾ, ಊಟಕ್ಕೆ ಎಲೆ ಹಾಕವ್ರೆ!"

ಕೃಷ್ಣ ಗುಂಡಿ ಒತ್ತಿ ಡೆಕ್ಕು ನಿಲ್ಲಿಸಿದ.

"ನಿಮ್ಮಪ್ಪ ಅಲ್ವೇನೋ?" ಎಂದಳು ಚೈತ್ರ.

ಅಪ್ಪನೇ. ಮನೆಯಲ್ಲಿ ಬಿದ್ದಿದ್ದ ಆ ಹಳೆಯ ಕ್ಯಾಸೆಟ್ಟು ಅಕ್ಕ ಶ್ವೇತಳ ಮದುವೆಯದು. ಎಲ್‌ಪಿಗಿಂತ ಕ್ಯಾಸೆಟ್ಟು ಉದ್ದವಾಗಿತ್ತು. ಸಿಂಫನಿ ಮುಗಿದ ಮೇಲೆ ಅಡಿಯಲ್ಲಿದ್ದ ಮದುವೆ ಉಳಿದುಕೊಂಡಿತ್ತು. ತಾಳಿ ಕಟ್ಟುವ ಗಳಿಗೆಯಲ್ಲಿ ಯಾರ ಸೀನೂ ಕೆಟ್ಟ ಮಾತೂ ಕಿವಿಗೆ ಬೀಳದಿರಲೆಂದು ವಾಲಗದವರು ಬಿಟ್ಟೂಬಿಡದೆ ಬಾರಿಸುವ ಗಟ್ಟಿಮೇಳವನ್ನು ಗುರುತಿಸದ ಕನ್ನಡಿಗ ಇರಲಾರ. ಆದರೆ ಸಡಿಲ ಬೆಲ್ಟಿನಲ್ಲಿ ಅದು ಗೋಳಾಗಿತ್ತು, ಮೇಲಾಗಿ ಮಲ್ಲಿಕಾರ್ಜುನ್ ಪಿಯುಸಿಯಿಂದೀಚೆಗೆ ತತ್ವದ ಕಾರಣಕ್ಕೆ ಯಾವ ಮುಹೂರ್ತಕ್ಕೂ ಹೋದವನಲ್ಲ. ಊಟಕ್ಕೆ ತತ್ವದ ಅಡ್ಡಿ ಇರಲಿಲ್ಲವಾಗಿ ನೇರ ಊಟಕ್ಕೇ ಹೋಗುತ್ತಿದ್ದ.

ಕೃಷ್ಣ ನೆಲಕ್ಕೆ ಕುಸಿದು ನಗುತ್ತಿದ್ದ. "ಪಾದ್ರಿ! ಎಲೆ ಆಕವ್ರೆ ಅಂತ ಪ್ರಾರ್ಥನೆ! ಇನ್ನೊಂದ್ಸಲ ಕೇಳ್ಸು ಮಾರಾಯ" ಎಂದು ತನಗೆ ತಾನೇ ಹೇಳಿಕೊಂಡು, ಹಿಂದಕ್ಕೆ ಓಡಿಸಿ, ಹಾಕಿ, ಮತ್ತೆ ಓಡಿಸಿ, ಮತ್ತೆ ಹಾಕಿದ. ಕೊನೆಗೆ ಡೆಕ್ಕಿಗೂ ನಗು ತಡೆಯಲಾಗಲಿಲ್ಲವೋ ಏನೋ, ಕಿರ್‍ರೆಂದು ಟೇಪನ್ನು ಎಳೆದುಕೊಂಡು ಅಗಿದುಬಿಟ್ಟಿತು. ಬಿಡಿಸಿ ತೆಗೆದಾಗ ಗಟ್ಟಿಮೇಳ ಇದ್ದ ಭಾಗ ಒಣಗಿದ ಶ್ಯಾವಿಗೆಯಂತಾಗಿತ್ತು.

ಆಧುನಿಕ ಮನಸ್ಸಿನ ಒಂದು ಗುಣವೆಂದರೆ ಅದು ಎಷ್ಟೇ ಕೆಳಗೆ ಬಿದ್ದರೂ ಬಿದ್ದಲ್ಲೇ ಅದಕ್ಕೊಂದು ಸಿದ್ಧಾಂತ ಸಿಗುತ್ತದೆ. ಮಂಗಳಮ್ಮ ತಂದ ಕಾಫಿ ಮುಗಿಯುವುದರೊಳಗೆ ಮಲ್ಲಿಕಾರ್ಜುನ್ ಎದ್ದು ನಿಂತಿದ್ದ. "ಇದು ಇನ್ನೂ ಒಳ್ಳೆಯದು. ಯೋಚನೆ ಮಾಡಿ. ಆ ಇಂಗ್ಲಿಷರಿಗೆ ಸಿಕ್ಕದೇ ಇದ್ದ ಕೊನೆ ನಮ್ಮ ಹತ್ತಿರ ಇತ್ತು. ವರ್ಣ ಮುಗಿಯುತ್ತಿದ್ದ ಹಾಗೆ ಗಟ್ಟಿಮೇಳ. ನಮ್ಮ ಆಲ್ಬಮ್ಮಿನ ಕೊನೆ ಅದೇ."

"ಅದನ್ನ ನಾನೇ ನುಡಿಸ್ತೀನಿ ಬಿಡು" ಎಂದು ಚೈತ್ರ ಕೀಬೋರ್ಡಿನಲ್ಲಿ ನಾದಸ್ವರದ ಗುಂಡಿ ಒತ್ತಿ ಪ್ರಯತ್ನಿಸಿದಳು. ಐಸ್‌ಕ್ಯಾಂಡಿಯವನ ಹಾರ್ನಿನ ಹಾಗೆ ಕೇಳಿಸಿತು. ಒಂದು ಅಕ್ಕಿಕಾಳು ಪಂಚಮದ ಕೀಲಿಯಡಿ ಸಿಕ್ಕಿಕೊಂಡಿದ್ದರಿಂದ ಆ ಸ್ವರ ಒತ್ತಿದರೆ ಮೇಲೇಳಲೂ ಇಲ್ಲ.

ಹೀಗಾಗಿ ಮುಂದಿನ ಭಾನುವಾರ ಮೂವರೂ, ದೊಡ್ಡಸಿದ್ದಯ್ಯನವರಿಂದ ಊರು ಕೇಳಿಕೊಂಡು, ಸೋಮನಾಥಪುರದಲ್ಲಿ ಬಸ್ಸಿಳಿದು, ವಾಲಗದ ಚಾಮಯ್ಯನವರ ಮನೆ ಹುಡುಕಿಕೊಂಡು ಹೋದರು. ಹುಡುಕುವುದೇನು, ಎದುರಿಗೆ ಬಂದ ಮೊದಲನೆಯವನೇ ದಾರಿ ತೋರಿಸಿದ. ಚಾಮಯ್ಯ ಜಗುಲಿಯ ಮೇಲೆ ಕೂತು, ಸಣ್ಣ ಕನ್ನಡಿ ಹಿಡಿದು ಮೀಸೆಗೆ ಕಪ್ಪು ಹಚ್ಚಿಕೊಳ್ಳುತ್ತಿದ್ದರು. ಒಂದು ಕಡೆ ಆಗಿತ್ತು, ಇನ್ನೊಂದು ಕಡೆ ಬಾಕಿ ಇತ್ತು. ಹಿಂದಿನ ಗೋಡೆಯಲ್ಲಿ ಶಾಲು ಹೊದ್ದ ಅವರದೇ ಫೋಟೋಗಳು.

"ನಿಮ್ಮನ್ನ ಒಂದು ಟೇಪಿನಲ್ಲಿ ಕೇಳಿದ್ವಿ" ಎಂದ ಮಲ್ಲಿಕಾರ್ಜುನ್. "ನರಸೀಪುರದಲ್ಲಿ ಆದ ಮದುವೆ. ನಂಜನಗೂಡಿನ ಮಂಡಿ ದೊಡ್ಡಸಿದ್ದಯ್ಯನವರ ಮಗಳದು."

"ಚೆನ್ನಾಗಿತ್ತಾ?"

"ಅದ್ಭುತವಾಗಿತ್ತು."

"ಅಂಗಾರೆ ನಾನೇಯ" ಎಂದರು ಚಾಮಯ್ಯ, ಕನ್ನಡಿಯಿಂದ ಕಣ್ಣು ತೆಗೆಯದೆ. "ಮದ್ವೆ ಗ್ಯಾಪ್ಕ ಇಲ್ಲ. ಚೆನ್ನಾಗಿ ಊದಿದ್ರೆ ನಾನು ಅಂತ ಇಟ್ಕಳಿ."

ಮಲ್ಲಿಕಾರ್ಜುನ್ ಸ್ಟುಡಿಯೋದ ವಿಷಯ ಹೇಳಿದ. ಕ್ಯಾಸೆಟ್ಟಿನ ಮೇಲೆ ಅವರ ಹೆಸರು, ಫೋಟೋ ಎರಡೂ ಬರುತ್ತವೆ ಎಂದ. ಫೋಟೋ ಎಂದಾಗ ಚಾಮಯ್ಯ ಮೀಸೆಯ ಇನ್ನೊಂದು ಕಡೆಯನ್ನು ಬೇಗಬೇಗ ಮುಗಿಸಿದರು. "ಬತ್ತೀನಿ, ಅದಕ್ಕೇನಂತೆ. ಏನ್ ಊದ್ಬೇಕು? ಕಲ್ಯಾಣಿ? ಮೋಹನ? ಸಿನಿಮಾದ್ದು?"

"ಗಟ್ಟಿಮೇಳ."

"ಯಾರ್ದು ಮದ್ವೆ?"

"ಮದುವೆ ಅಲ್ಲ. ಸ್ಟುಡಿಯೋದಲ್ಲಿ, ಬರೀ ಗಟ್ಟಿಮೇಳ. ನಾವು ಅದನ್ನ ಆಚರಣೆಯಿಂದ ಬಿಡಿಸಿ, ಶುದ್ಧ ನಾದವಾಗಿ—"

"ಬುಡಿಸ್ಬುಟ್ಟು?"

"ಬಿಡಿಸಿ ಆಲ್ಬಮ್ಮಿನ ಕೊನೆಗೆ ಇಡ್ತೀವಿ."

"ತಾಳಿ ಕಟ್ಟೋರ್ಯಾರು?"

"ಯಾರೂ ಇಲ್ಲ."

"ಅಂಗಾರೆ ಯಾಕೂದ್ಲಿ?" ಚಾಮಯ್ಯ ಕನ್ನಡಿ ಕೆಳಗಿಟ್ಟರು. "ನೋಡಿ ಸಾ, ಗಟ್ಟಿಮೇಳ ಊದಿದ್ರೆ ಒಂದ್ ಮದ್ವೆ ಆಯ್ತು ಅಂತ್ಲೇ. ತಾಳಿ ಇಲ್ದೆ ಊದಿದ್ರೂ ಆಗೋಯ್ತದೆ, ಆದ್ರೆ ಯಾರ್ದು ಅಂತ ಗೊತ್ತಾಗಕ್ಕಿಲ್ಲ. ಆ ರೂಮ್ನಾಗೆ ನೀವಿರ್ತೀರಿ, ಇವ್ರಿರ್ತಾರೆ, ಮಿಷನ್ ಆಪ್ರೇಟ್ರು ಇರ್ತಾನೆ. ನಿಮ್ಗೂ ಆಪ್ರೇಟ್ರುಗೂ ಆಗೋದ್ರೆ?"

ಕೃಷ್ಣ ಕಂಬಕ್ಕೆ ಮುಖ ಕೊಟ್ಟು ನಿಂತ. ಅವನ ಬೆನ್ನು ಅಲುಗುತ್ತಿತ್ತು.

ಮಲ್ಲಿಕಾರ್ಜುನ್ ಬಿಡಲಿಲ್ಲ. ಕಲೆ ಕಟ್ಟಳೆಯನ್ನು ಮೀರಬೇಕು ಎಂದ. ಪ್ಯಾರಿಸ್ಸಿನಲ್ಲಿ ಏನಾಯಿತು ಗೊತ್ತೆ ಎಂದು ಕೇಳಿದ. ಪ್ಯಾರಿಸ್ಸಿನಲ್ಲಿ ಏನಾಯಿತೆಂದು ಅವನಿಗೂ ನೆಟ್ಟಗೆ ಗೊತ್ತಿರಲಿಲ್ಲ. ಚಾಮಯ್ಯ ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಉಡ್ಗ ಉಡ್ಗಿ ತಕ್ಕಂಬನ್ನಿ. ತಾಳಿ ತಕ್ಕಂಬನ್ನಿ. ಆಮೇಲೆ ಮೈಕು ನನ್ ಮೂಗ್ನೊಳಿಕ್ಕೆ ಇಕ್ಕುದ್ರೂ ಬ್ಯಾಡ ಅನ್ನಕ್ಕಿಲ್ಲ" ಎಂದು ಎದ್ದು, ಫೋಟೋಗೆಂದು ಶಾಲು ತರಲು ಒಳಗೆ ಹೋದರು. ಕ್ಯಾಮೆರಾ ತಂದಿಲ್ಲವೆಂದು ಗೊತ್ತಾದ ಮೇಲೆ ಬಾಗಿಲವರೆಗೂ ಬಂದು ಕಳಿಸಲಿಲ್ಲ.

ಬಸ್‌ಸ್ಟಾಪಿಗೆ ನಡೆಯುತ್ತ ಕೃಷ್ಣ ಹೇಳಿದ: "ತಲೆ ಯಾಕ್ಲಾ ಕೆಡಿಸ್ಕತೀಯ? ಇದು ಮದ್ವೆ ಸೀಜನ್ನು. ಯಾವ್ದಾದ್ರೂ ಛತ್ರಕ್ಕೋಗಿ ರೆಕಾರ್ಡ್ ಮಾಡ್ಕಂಬುಡಾಣ."

"ಆಗಲ್ಲ ಕಣೋ. ಚೈತ್ರಳ ವರ್ಣ ಮುಗಿಯೋ ಸ್ವರಕ್ಕೆ ಸರಿಯಾಗಿ, ಅದೇ ಶ್ರುತಿಗೆ ಗಟ್ಟಿಮೇಳ ಶುರುವಾಗ್ಬೇಕು. ಯಾವ ಗಂಡು ತಾಳಿ ಕೈಲಿಟ್ಕೊಂಡು ನಮ್ಮ ವರ್ಣ ಮುಗಿಯೋವರೆಗೂ ಕಾಯ್ತಾನೆ?"

ಹೇಳಿದ ಮೇಲೆ ಆ ಪ್ರಶ್ನೆ ಅವನ ಒಳಗೇ ಉಳಿದು ತಿರುಗತೊಡಗಿತು. ಹಾಗೆ ಕಾಯುವ ಗಂಡು ಇಡೀ ಜಿಲ್ಲೆಯಲ್ಲಿ ಒಬ್ಬನೇ ಇದ್ದ.

ದೇವಸ್ಥಾನ ನೋಡಲು ಬಂದವರಿಗೆ ಸೌತೆಕಾಯಿ ಮಾರುವವಳ ಹತ್ತಿರ ಕೃಷ್ಣ ಹೋದ. ಮರದ ನೆರಳಿನಲ್ಲಿ ಚೈತ್ರ, ಕರ್ಚೀಫಿನಿಂದ ಗಾಳಿ ಬೀಸಿಕೊಳ್ಳುತ್ತ ಬಸ್ಸಿನ ದಾರಿ ನೋಡುತ್ತಿದ್ದಳು. ಮಲ್ಲಿಕಾರ್ಜುನನಿಗೆ ಕಾಲೇಜಿನ ಮೊದಲ ವರ್ಷದಿಂದಲೂ ಅವಳ ಹತ್ತಿರ ಹೇಳಬೇಕಾದ ಒಂದು ವಿಷಯವಿತ್ತು. ಅದನ್ನು ಹೇಳುವ ಬದಲು ಅವನು ಅವಳಿಗೆ ಪುಸ್ತಕ ಕೊಟ್ಟಿದ್ದ, ಬ್ಯಾಂಡು ಕಟ್ಟಿದ್ದ, ಆ ಲೇಖನವನ್ನೂ ಬರೆದಿದ್ದ. ಓದಿದ ಕಾದಂಬರಿಗಳಲ್ಲಿ ಇಂಥ ಮಾತು ಹೇಳುವವರು ಹಿಮ ಬೀಳುವ ರೈಲ್ವೆ ಸ್ಟೇಷನ್ನಿನಲ್ಲಿ ನಿಂತಿರುತ್ತಿದ್ದರು. ಇಲ್ಲಿ ಬಿಸಿಲಿಗೆ ಟಾರು ಕರಗಿ ಚಪ್ಪಲಿಗೆ ಮೆತ್ತುತ್ತಿತ್ತು.

"ಚೈತ್ರ, ಒಂದು ಐಡಿಯಾ ಇದೆ."

"ಪ್ಯಾರಿಸ್ಸಿಂದಾ?"

"ತಮಾಷೆ ಅಲ್ಲ. ನಾವಿಬ್ಬರೂ ಮದುವೆ ಆದ್ರೆ ಗಟ್ಟಿಮೇಳ ಸಿಗುತ್ತೆ. ಸ್ಟುಡಿಯೋದಲ್ಲೇ. ಚಾಮಯ್ಯ ಬರ್ತಾರೆ, ಶ್ರುತಿ ಕೂಡಿಸ್ಕೊಂಡು ಕೂರ್ತಾರೆ. ವರ್ಣ ಮುಗಿಯೋವರೆಗೆ ನಾನು ಕಾಯ್ತೀನಿ."

ಚೈತ್ರ ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿದಳು. "ವರ್ಣ ನುಡಿಸೋಳು ನಾನು. ತಾಳಿ ಕಟ್ಟಿಸ್ಕೊಳ್ಳೋದು ಯಾರು?"

ಇದ್ದಕ್ಕಿದ್ದಂತೆ ಹೊಳೆದ ಐಡಿಯಾದಲ್ಲಿ ಇಷ್ಟು ವಿವರ ಹೇಗೆ ಬಂತೋ, ಅವನ ಹತ್ತಿರ ಉತ್ತರ ಸಿದ್ಧವಿತ್ತು. "ನೀನೇ. ನೀನು ನುಡಿಸ್ತಾ ಇರು. ಕೈ ಎತ್ತಬೇಕಾಗಿಲ್ಲ, ಸ್ವಲ್ಪ ತಲೆ ಬಗ್ಗಿಸಿದ್ರೆ ಸಾಕು."

ಅವಳು ಅವನನ್ನೇ ನೋಡಿದಳು. ನಗುತ್ತಾಳೆ ಎಂದು ಅವನು ಕಾದ. ನಗಲಿಲ್ಲ. "ಆಲ್ಬಮ್ ಇಲ್ದೇ ಇದ್ದಿದ್ರೆ ಕೇಳ್ತಿದ್ಯಾ?"

"ಕೇಳ್ತಿದ್ದೆ" ಎಂದ ಮಲ್ಲಿಕಾರ್ಜುನ್. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಪ್ರಾಮಾಣಿಕತೆ ಎಂಬ ಆಧುನಿಕ ರೋಗ ಅವನ ಬಾಯಿಂದ ಇನ್ನೊಂದು ಮಾತನ್ನು ಹೊರಡಿಸಿತು. "ಎರಡನೇ ಆಲ್ಬಮ್ಮಿಗೆ."

ತಿರುವಿನಲ್ಲಿ ಬಸ್ಸಿನ ಧೂಳು ಕಾಣಿಸಿತು. ಕೃಷ್ಣ ಉಪ್ಪು ಖಾರ ಸವರಿದ ಸೌತೆಕಾಯಿಗಳನ್ನು ಕಾಗದದಲ್ಲಿ ಹಿಡಿದು ಓಡಿ ಬರುತ್ತಿದ್ದ. ಚೈತ್ರ ಬ್ಯಾಗು ಹೆಗಲಿಗೇರಿಸಿದಳು. ಮಲ್ಲಿಕಾರ್ಜುನನಿಗೆ ಆ ಕ್ಷಣದಲ್ಲಿ ಒಂದೂ ಕಾದಂಬರಿ ನೆನಪಾಗಲಿಲ್ಲ. 'ಆತ' ಎಂಬ ಮನುಷ್ಯ ಎಲ್ಲಿಗೋ ಹೋಗಿಬಿಟ್ಟಿದ್ದ. ಉಳಿದವನು ನಂಜನಗೂಡಿನ ಮಲ್ಲಿ, ಕಂಕುಳೆಲ್ಲ ಬೆವತು ನಿಂತವನು.

"ಆಲ್ಬಮ್ ಬಿಟ್ಟುಬಿಡ್ತೀನಿ ಕಣೇ" ಎಂದ. "ಸ್ಟುಡಿಯೋ ಬೇಡ, ಗಟ್ಟಿಮೇಳ ಬೇಡ, ಚಾಮಯ್ಯನೂ ಬೇಡ. ಬರೀ ಮದುವೆ."

"ಬೇಡ" ಎಂದಳು ಚೈತ್ರ. "ಮದುವೆಯೂ ಬೇಡ."